ಎರಡು ಕೊಡ ನೀರು

ಒಪೆರಾ ಎಂಬ ಮಾತು ಕಿವಿಗೆ ಬಿದ್ದೊಡನೆ, ಅದು ದೂರದೇಶದ ಸಿರಿವಂತರ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎಂದು ನಮ್ಮಲ್ಲಿ ಅನೇಕರಿಗೆ ಅನ್ನಿಸುವುದು ಸಹಜ. ಹಾಗೆಂದುಕೊಂಡವರಲ್ಲಿ ನಾನೂ ಒಬ್ಬನಾಗಿದ್ದೆ. ಆದರೆ 2006ನೆಯ ಇಸವಿ ನವೆಂಬರ್ 14ರಂದು ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ಮೊದಲ ಸಲ ರಂಗಕ್ಕೆ ಬಂದ ಒಂದು ಒಪೆರಾದ ಕಥೆ ಕನ್ನಡ ನಾಡಿನದು. ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಮಕ್ಕಳಿಗೆ ಉಣ್ಣಿಸುತ್ತ ಹೇಳಿಕೊಂಡು ಬಂದದ್ದು. ಆ ಕಥೆ ಅಲ್ಲಿಗೆ ಹೇಗೆ ಹೋಯಿತು, ಹೋದಮೇಲೆ ಏನಾಯಿತು, ಅದನ್ನು ನಾನೊಮ್ಮೆ ಹೇಗೆ ಕೆಡಿಸಿದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕಥೆ. ಒಂದೂರಿನಲ್ಲಿ ಒಬ್ಬ ಬಡ ಮುದುಕಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಕೂಲಿನಾಲಿ ಮಾಡಿ ಅವರನ್ನು ಸಾಕುತ್ತಿದ್ದಳು. ಒಂದು ದಿನ ಕಿರಿಯವಳು ಅಕ್ಕನಿಗೆ ಹೇಳಿದಳು: ನಾನು ಹೂವಿನ ಮರವಾಗುತ್ತೇನೆ, ನೀನು ಹೂ ಬಿಡಿಸಿ ಮಾರಿದರೆ ಅವ್ವನಿಗೆ ನೆರವಾದೀತು. ನೆಲ ಸಾರಿಸಿ, ಉಗುರು ತಾಗಿಸದೆ ಎರಡು ಕೊಡ ನೀರು ತಾ. ಒಂದು ಕೊಡ ಸುರಿದರೆ ಮರವಾಗುತ್ತೇನೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂವನ್ನಷ್ಟೇ ಬಿಡಿಸಿಕೋ. ಎರಡನೆಯ ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತೇನೆ.

ಹಾಗೆಯೇ ಆಯಿತು. ಹೂಮಾಲೆ ಅರಮನೆಗೆ ಹೋಯಿತು. ರಾಜಕುಮಾರ ಗುಟ್ಟು ಕಂಡುಹಿಡಿದು ಹುಡುಗಿಯನ್ನು ಮದುವೆಯಾದ. ಮದುವೆಯಾದ ಮೇಲೆ ರಾತ್ರಿಯೆಲ್ಲ ಅವಳನ್ನು ಮರವಾಗು ಎಂದು ಕಾಡಿದ. ಬೆಳಗಾದರೆ ಬಾಡಿದ ಹೂವಿನ ರಾಶಿ. ಅದನ್ನು ಕಂಡ ಅವನ ತಂಗಿ, ಅತ್ತಿಗೆಯನ್ನು ಗೆಳತಿಯರೊಡನೆ ತೋಟಕ್ಕೆ ಕರೆದೊಯ್ದು, ನಮ್ಮೆದುರೂ ಮರವಾಗು ಎಂದು ಹಟ ಹಿಡಿದಳು. ಮರವಾದೊಡನೆ ಆ ಹುಡುಗಿಯರು ಮೇಲೆ ಬಿದ್ದು ಹೂ ಕಿತ್ತರು, ಕೊಂಬೆ ಮುರಿದರು. ಮಳೆ ಬಂತೆಂದು ಎರಡನೆಯ ಕೊಡವನ್ನು ಹೇಗೆ ಬೇಕೋ ಹಾಗೆ ಚೆಲ್ಲಿ ಓಡಿಹೋದರು. ಮರವೂ ಅಲ್ಲದ, ಮನುಷ್ಯಳೂ ಅಲ್ಲದ, ಕೈಕಾಲಿಲ್ಲದ ಒಂದು ಮುಂಡ ಮಾತ್ರ ಉಳಿಯಿತು. ಅದು ತೆವಳುತ್ತ ಗಟಾರಕ್ಕೆ ಬಿತ್ತು. ಹತ್ತಿ ಹೇರಿಕೊಂಡು ಹೊರಟ ಗಾಡಿಯವನೊಬ್ಬ ನರಳುವ ದನಿ ಕೇಳಿ, ಎತ್ತಿ ಗಾಡಿಯಲ್ಲಿ ಹಾಕಿಕೊಂಡು, ಇನ್ನೊಂದು ಊರಿನ ಬಾಗಿಲಲ್ಲಿ ಇಳಿಸಿದ. ಅದು ರಾಜಕುಮಾರನ ಅಕ್ಕನನ್ನು ಕೊಟ್ಟ ಊರು. ಇತ್ತ ರಾಜಕುಮಾರನೂ ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಾಗಿ ಅಲೆದು ಅದೇ ಊರಿಗೆ ಬಂದ. ಅಲ್ಲಿ ಗುರುತು ಹತ್ತಿತು. ಅವಳು ಮೊದಲ ಸಲ ಬಾಯಿಬಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವನು ಒಂದು ಕೊಡ ಸುರಿದ. ಮುರಿದ ಮರ ಎದ್ದು ನಿಂತಿತು. ಮುರಿದ ಕೊಂಬೆಗಳನ್ನು ಒಂದೊಂದಾಗಿ ನೇರ್ಪಡಿಸಿ ಕೂಡಿಸಿ ಎರಡನೆಯ ಕೊಡ ಸುರಿದ. ಹುಡುಗಿ ಕೈಕಾಲು ಬಂದು ಎದ್ದು ನಿಂತಳು.

ಇದನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದವರು ಎ. ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದ ಕಾಲದಿಂದಲೇ ಜನಪದ ಕಥೆಗಳನ್ನು ಕೇಳಿ ಬರೆದಿಟ್ಟುಕೊಳ್ಳುವ ಗೀಳು ಅವರಿಗೆ. ಮುಂದೆ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಹೋದರೂ ಆ ಗೀಳು ಬಿಡಲಿಲ್ಲ. ಈ ಒಂದು ಕಥೆಯ ಮೇಲೆಯೇ ಅವರು ದೀರ್ಘವಾದ ಪ್ರಬಂಧ ಬರೆದರು; ಇದು ಹೆಂಗಸರ ಕಥೆ, ಹೆಂಗಸರು ಹೇಳಿಕೊಂಡದ್ದು ಎಂದು ಒತ್ತಿ ಹೇಳಿದರು. ಹುಡುಗಿ ಕಥೆಯಲ್ಲಿ ಐದು ಸಲ ಮರವಾಗುತ್ತಾಳೆ ಎಂದು ಎಣಿಸಿ ತೋರಿಸಿದರು. ಮೊದಲ ಸಲ ತನ್ನ ಮನಸ್ಸಿನಿಂದ, ಅಕ್ಕನ ನಂಬಿಕೆಯ ಕೈಯಲ್ಲಿ. ಆಮೇಲಾಮೇಲೆ ಇನ್ನೊಬ್ಬರ ಬಲವಂತಕ್ಕೆ. ಕೊನೆಯ ಸಲ ಗಾಯ ಮಾಯುವುದಕ್ಕೆ. ಅವರು 1993ರಲ್ಲಿ ತೀರಿಕೊಂಡರು. ಈ ಕಥೆಯ ಹೆಸರನ್ನೇ ಹೊತ್ತ, 77 ಕನ್ನಡ ಕಥೆಗಳ ಅವರ ಸಂಗ್ರಹ 1997ರಲ್ಲಿ ಹೊರಬಂತು.

ನಮ್ಮ ಕಡೆಯವರಿಗೆ ಈ ಕಥೆ ಇನ್ನೊಂದು ದಾರಿಯಿಂದಲೂ ಪರಿಚಿತ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿ ದೂರದರ್ಶನಕ್ಕಾಗಿ ಮಾಡಿದರು. ಸೋನಾಲಿ ಕುಲಕರ್ಣಿ ಎಂಬ ನಟಿಯ ಮೊದಲ ಚಿತ್ರ ಅದು. ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಹಾನಗಲ್ಲ ತಾಲ್ಲೂಕಿನ ಪಕ್ಕದ ಶಿರಸಿಯಲ್ಲಿ ಬಾಲ್ಯ ಕಳೆದ ಕಾರ್ನಾಡರಿಗೆ ಕಾಡು ಕಂಡ ಕಣ್ಣಿತ್ತು. ಅವರು ಹುಡುಗಿಯ ಮುರಿದ ಕೊಂಬೆಗಳಲ್ಲಿ ಕಡಿದ ಕಾಡನ್ನು ಕಂಡರು. ರಾಮಾನುಜನ್‌ ಅವರಿಂದಲೇ ಕೇಳಿದ ಕಥೆಗಳಿಂದ ಅವರು 1988ರಲ್ಲಿ ‘ನಾಗಮಂಡಲ’ವನ್ನೂ ಬರೆದಿದ್ದರು. ಹೇಳದೆ ಬಚ್ಚಿಟ್ಟುಕೊಂಡ ಕಥೆ ಒಡತಿಯ ಮೇಲೆಯೇ ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಆ ನಾಟಕ ನೋಡಿದವರು ಮರೆತಿರಲಾರರು.

ಇನ್ನು ಒಪೆರಾದ ಸಂಗತಿ. ಒಪೆರಾ ಎಂದರೇನು ಎಂದು ಕೇಳಿದರೆ ನಮ್ಮ ಸೀಮೆಯವರಿಗೆ ಉತ್ತರ ಸುಲಭ. ಶ್ರೀಕೃಷ್ಣ ಪಾರಿಜಾತವನ್ನು ನೆನೆಸಿಕೊಳ್ಳಿ. ಅಲ್ಲಿಯೂ ಒಂದು ಹೂವಿನ ಗಿಡಕ್ಕಾಗಿಯೇ ಹೆಂಡತಿಯರ ಜಗಳ, ಅಲ್ಲಿಯೂ ಹಾಡೇ ಜೀವ. ಒಪೆರಾದಲ್ಲಿ ಮಾತೂ ಹಾಡೇ. ಹಿಮ್ಮೇಳದಲ್ಲಿ ಹಲವಾರು ಪಿಟೀಲು, ಕೊಳಲು, ಕಹಳೆಗಳ ದೊಡ್ಡ ವಾದ್ಯವೃಂದ. ನಮ್ಮ ಕಥೆಗೆ ಸಂಗೀತ ಕೊಟ್ಟವರು ಅಮೆರಿಕದ ಜಾನ್ ಆಡಮ್ಸ್. ರಂಗಕ್ಕೆ ತಂದವರು ಪೀಟರ್ ಸೆಲ್ಲರ್ಸ್. ಹಾಡುಪಠ್ಯವನ್ನು ಇಬ್ಬರೂ ಸೇರಿ ಸಿದ್ಧಪಡಿಸಿದರು. 2006 ಸಂಗೀತಗಾರ ಮೊಜಾರ್ಟ್ ಹುಟ್ಟಿ 250 ವರ್ಷ ತುಂಬಿದ ವರ್ಷ. ಆ ಉತ್ಸವಕ್ಕೆ ಆಡಮ್ಸ್ ಒಪೆರಾ ಬರೆಯಬೇಕಿತ್ತು. ಮೊಜಾರ್ಟ್‌ನ ‘ಮಾಯಾ ಕೊಳಲು’ ಒಪೆರಾದಲ್ಲಿ ಇಬ್ಬರು ಎಳೆಯ ಪ್ರೇಮಿಗಳು ಕಷ್ಟಗಳ ಪರೀಕ್ಷೆ ದಾಟಿ ದೊಡ್ಡವರಾಗುತ್ತಾರೆ. ಅಂಥದೇ ಒಂದು ಕಥೆ ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ನಮ್ಮ ಹೂವಿನ ಮರ.

ಅದು ಎರಡು ಅಂಕಗಳ ಕೃತಿ. ಒಂಟಿಯಾಗಿ ಹಾಡುವವರು ಮೂವರೇ: ಹುಡುಗಿ, ರಾಜಕುಮಾರ ಮತ್ತು ಕಥೆ ಹೇಳುವವನು. ಈ ಮೂರನೆಯವನು ಬೇರೆ ಯಾರೂ ಅಲ್ಲ, ನಮ್ಮ ಬಯಲಾಟದ ಭಾಗವತನೇ. ಉಳಿದದ್ದೆಲ್ಲ ಮೇಳದ ಗಾಯನ ಮತ್ತು ಜಾವಾ ದ್ವೀಪದ ಮೂವರು ನರ್ತಕರ ಅಭಿನಯ. ನುಡಿಸಿದವರೂ ಮೇಳದಲ್ಲಿ ಹಾಡಿದವರೂ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದವರಾದ್ದರಿಂದ ಮೇಳದ ಹಾಡುಗಳು ಸ್ಪ್ಯಾನಿಷ್ ಭಾಷೆಯಲ್ಲಿವೆ, ಮಿಕ್ಕವು ಇಂಗ್ಲಿಷಿನಲ್ಲಿ. ಕಥೆಯಲ್ಲಿ ಹುಡುಗಿಗೆ ಹೆಸರಿಲ್ಲ. ಒಪೆರಾದಲ್ಲಿ ಅವಳು ಕುಮುದಾ ಆದಳು. ಕನ್ನಡದ ಅಜ್ಜಿಯ ಕಥೆ ಷಿಕಾಗೊದ ಪ್ರೊಫೆಸರರ ಕೈದಾಟಿ, ವಿಯೆನ್ನಾದಲ್ಲಿ, ಸ್ಪ್ಯಾನಿಷ್ ಹಾಡಿಗೆ ಜಾವಾದ ಹೆಜ್ಜೆ ಹಾಕಿತು. 2008ರಲ್ಲಿ ಅದರ ಧ್ವನಿಮುದ್ರಿಕೆಯೂ ಬಂತು. ನಾನು ಕೇಳಿದ್ದು ಅದನ್ನೇ.

ಇಲ್ಲಿ ನನ್ನ ತಪ್ಪಿನ ಕಥೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಅರ್ಧ ಗಂಟೆಯ ಒಂದು ಕಾರ್ಯಕ್ರಮಕ್ಕಾಗಿ ಹಳ್ಳಿಯ ಕಥೆಗಾರ್ತಿಯರನ್ನು ಚಿತ್ರೀಕರಿಸಲು ನಾವು ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಗೆ ಹೋಗಿದ್ದೆವು. 13ನೆಯ ಶತಮಾನದ ಶಾಂತೇಶ್ವರ ದೇಗುಲವಿರುವ ಊರು ಅದು. ಸುತ್ತ ಭತ್ತದ ಗದ್ದೆ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಸೆರಗು. ಅಲ್ಲೊಂದು ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತ ಅಜ್ಜಿಯೊಬ್ಬರು ಇದೇ ಕಥೆಯನ್ನು ಹೇಳಿದರು. ನಡುವೆ ಎಲೆಅಡಿಕೆ ಹಾಕಿಕೊಂಡರು, ಮೊಮ್ಮಗನನ್ನು ಗದರಿಸಿದರು, ಎರಡು ಕಡೆ ಹಾಡಿದರು. ಒಂದು ಗಂಟೆ ಮೀರಿತು. ನನಗಿದ್ದ ಸಮಯ ಆರು ನಿಮಿಷ.

ಸಂಕಲನದ ಕೋಣೆಯಲ್ಲಿ ನಾನು ಮಾಡಿದ್ದು ಇಷ್ಟೇ: ಹುಡುಗಿ ಮರವಾಗುವುದನ್ನು ಇಟ್ಟುಕೊಂಡೆ, ಅದು ಸೊಗಸಾಗಿತ್ತು. ಹುಡುಗಿಯರು ಕೊಂಬೆ ಮುರಿಯುವುದನ್ನು ಇಟ್ಟುಕೊಂಡೆ. ಅವಳು ಗಟಾರಕ್ಕೆ ಬೀಳುವಲ್ಲಿ ಅಜ್ಜಿಯ ದನಿ ತಾನೇ ನಡುಗಿತ್ತು. ಅಲ್ಲಿಗೆ ಚಿತ್ರ ನಿಲ್ಲಿಸಿ, ‘ಕೊನೆಗೆ ಎಲ್ಲವೂ ಸುಖಾಂತವಾಯಿತು’ ಎಂದು ನಿರೂಪಕಿಯ ಒಂದು ವಾಕ್ಯ ಸೇರಿಸಿದೆ. ಕಾರ್ಯಕ್ರಮ ಚೆನ್ನಾಗಿತ್ತೆಂದು ಹೊಗಳಿದವರೂ ಉಂಟು.

ಮತ್ತೊಂದು ಕೆಲಸಕ್ಕೆ ಆ ದಾರಿಯಲ್ಲಿ ಹೋದಾಗ ಅಜ್ಜಿಯನ್ನು ಕಂಡು, ಕಾರ್ಯಕ್ರಮ ನೋಡಿದಿರಾ ಎಂದು ಕೇಳಿದೆ.

“ನೋಡಿದ್ನಿ ತಮ್ಮಾ. ನಮ್ಮ ಪಡಸಾಲಿ ಚಲೋ ಕಂಡ್ತು,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಆ ಹುಡಿಗಿನ್ನ ಗಟಾರದಾಗ ಬಿಟ್ಟು ಬಂದ್ಯಲ್ಲೋ?” ಎಂದರು.

ನಾನು ಸಮಯದ ಅಭಾವ ಇತ್ಯಾದಿ ಹೇಳತೊಡಗಿದೆ. ಅವರು ಕೇಳಲಿಲ್ಲ. “ಹತ್ತಿ ಗಾಡಿ ಬರಲಿಲ್ಲಂದ್ರ ಆಕಿನ್ನ ಎತಗೊಂಡು ಹೋಗಾವ್ರು ಯಾರು? ಸುಖಾ ಅನ್ನೂದು ತಾನ ನಡಕೊಂತ ಬರತೈತೇನು?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಲೇಜಿನಲ್ಲಿ ನಾನು ಓದಿದ್ದು ಸಸ್ಯಶಾಸ್ತ್ರ. ಹೂವಿನ ತೊಟ್ಟಿನ ಬುಡದಲ್ಲಿ ಸಹಜವಾಗಿ ಬೇರ್ಪಡುವ ಒಂದು ತೆಳುವಾದ ಪದರವಿರುತ್ತದೆ. ಬಲಿತ ಹೂವನ್ನು ಅಲ್ಲಿ ಮೆಲ್ಲಗೆ ಬಿಡಿಸಿದರೆ ಗಿಡಕ್ಕೆ ಗಾಯವಾಗುವುದಿಲ್ಲವೆಂದೇ ಹೇಳಬಹುದು. ಸೆಳೆದು ಕಿತ್ತರೆ ಸಿಪ್ಪೆ ಸುಲಿದು ಬರುತ್ತದೆ, ಪಕ್ಕದಲ್ಲಿ ಮಲಗಿದ್ದ ಮುಂದಿನ ಮೊಗ್ಗೂ ಹೋಗುತ್ತದೆ. ಸಿಪ್ಪೆಯ ಕೆಳಗಿನ ಹಸಿರು ಪದರಕ್ಕೆ ಮಾತ್ರ ಮತ್ತೆ ಬೆಸೆದುಕೊಳ್ಳುವ ಶಕ್ತಿಯುಂಟು. ಪದರಕ್ಕೆ ಪದರ ಸರಿಯಾಗಿ ಕೂಡಿಸಿ, ಕಟ್ಟಿ, ಒಣಗದಂತೆ ನೋಡಿಕೊಂಡರೆ ಮುರಿದದ್ದೂ ಹತ್ತುತ್ತದೆ. ಕಸಿ ಕಟ್ಟುವವರು ಮಾಡುವುದು ಇದನ್ನೇ. ಅಕ್ಕನಿಗೆ ತಂಗಿ ಹೇಳಿದ ಎಚ್ಚರಿಕೆ, ಕೊನೆಯಲ್ಲಿ ರಾಜಕುಮಾರ ಮಾಡಿದ ಆರೈಕೆ, ಎರಡೂ ಗಿಡ ಬಲ್ಲವರ ಮಾತು. ಇಷ್ಟು ಓದಿಯೂ ನಾನು ಕಥೆಯ ತೋಟದಲ್ಲಿ ನಾದಿನಿಯ ಗೆಳತಿಯರ ಜೊತೆಗೆ ಸೇರಿಬಿಟ್ಟಿದ್ದೆ. ಮೊದಲ ಕೊಡವನ್ನು ಚೆನ್ನಾಗಿಯೇ ಸುರಿದೆ. ಎರಡನೆಯದನ್ನು ಚೆಲ್ಲಿ ಓಡಿದೆ.

ಆ ಮೇಲೆಯೇ ನಾನು ಒಪೆರಾದ ಧ್ವನಿಮುದ್ರಿಕೆಯನ್ನು ಕುಳಿತು ಕೇಳಿದ್ದು. ದೊಡ್ಡವರು ಇಲ್ಲಿ ಏನು ಮಾಡಿದ್ದಾರೆ ನೋಡೋಣ ಎಂಬ ಕುತೂಹಲ. ಆಡಮ್ಸ್ ಹತ್ತಿ ಗಾಡಿಯನ್ನು ಬಿಟ್ಟಿದ್ದಾರೆ. ಆದರೆ ಆ ಜಾಗ ಬರಿದಾಗಿಲ್ಲ. ಊರೂರು ಅಲೆಯುವ ಹಾಡುಗಾರರ ತಂಡವೊಂದು ಬಂದು ಗಟಾರದಿಂದ ಅವಳನ್ನು ಎತ್ತಿಕೊಂಡು ಹೋಗುತ್ತದೆ. ಕೈಕಾಲಿಲ್ಲದ ಅವಳಿಗೆ ಅಲ್ಲಿ ದನಿಯಿದೆ, ಅವಳೂ ಹಾಡುತ್ತಾಳೆ. ನಮ್ಮ ಕಥೆಯಲ್ಲಿ ಅವಳು ಬಹುಕಾಲ ಮೂಕಿಯಂತೆ ಇರುತ್ತಾಳೆ, ಗಂಡನ ಎದುರಿಗಷ್ಟೇ ಬಾಯಿ ಬಿಡುತ್ತಾಳೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಎರಡನೆಯ ಅಂಕವನ್ನು ಅವರು ಅವಳ ದುಃಖಕ್ಕೆ, ಅವನ ಅಲೆದಾಟಕ್ಕೆ ಬಿಟ್ಟುಕೊಟ್ಟಿದ್ದಾರೆ. ‘ಕೊನೆಗೆ ಎಲ್ಲವೂ ಸುಖಾಂತವಾಯಿತು’ ಎಂದು ಯಾರೂ ಒಂದು ವಾಕ್ಯದಲ್ಲಿ ಮುಗಿಸಿಲ್ಲ. ವಿಯೆನ್ನಾದವರು ಗಾಡಿ ಬದಲಿಸಿದರು, ಹುಡುಗಿಯನ್ನು ಮಾತ್ರ ಗಟಾರದಲ್ಲಿ ಬಿಡಲಿಲ್ಲ.

ಇದೇ ಬಗೆಯ ಇನ್ನೊಂದು ಒಪೆರಾ ಜಪಾನ್ ದೇಶದಲ್ಲಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ನಮ್ಮ ಕಥೆಯ ಗುಣ ಇನ್ನೂ ಸ್ಪಷ್ಟವಾಗುತ್ತದೆ. ಅದರ ಹೆಸರು ‘ಯೂಜುರು’, ಅಂದರೆ ಸಂಜೆಯ ಕೊಕ್ಕರೆ. ಜುಂಜಿ ಕಿನೋಶಿತಾ ಎಂಬ ನಾಟಕಕಾರರು ಅಲ್ಲಿನ ‘ಕೊಕ್ಕರೆ ಹೆಂಡತಿ’ ಎಂಬ ಜನಪದ ಕಥೆಯನ್ನು 1949ರಲ್ಲಿ ನಾಟಕ ಮಾಡಿದರು. ಇಕುಮಾ ದಾನ್ ಎಂಬ ಸಂಗೀತಗಾರರು ಅದನ್ನು ಒಪೆರಾ ಮಾಡಿದರು. 1952ರ ಜನವರಿಯಲ್ಲಿ ಒಸಾಕಾ ನಗರದಲ್ಲಿ ಮೊದಲ ಪ್ರದರ್ಶನ. ನಾಟಕದ ಮಾತನ್ನು ಬದಲಿಸಬಾರದು ಎಂಬ ಷರತ್ತಿನ ಮೇಲೆಯೇ ಕಿನೋಶಿತಾ ಒಪ್ಪಿಗೆ ಕೊಟ್ಟಿದ್ದರು. ಸಂಗೀತಗಾರರು ಆ ಷರತ್ತನ್ನು ಪಾಲಿಸಿದರು. ನಮ್ಮ ಕಸುಬಿನವರು ಈ ಷರತ್ತನ್ನು ಎರಡು ಸಲ ಓದಬೇಕು.

ಕಥೆ ಇದು. ಯೊಹ್ಯೊ ಎಂಬ ಬಡ ರೈತ ಬಾಣ ತಾಗಿದ ಕೊಕ್ಕರೆಯೊಂದನ್ನು ಉಳಿಸುತ್ತಾನೆ. ಕೆಲದಿನಗಳ ಮೇಲೆ ತ್ಸೂ ಎಂಬ ಹೆಣ್ಣು ಬಂದು ಅವನ ಹೆಂಡತಿಯಾಗುತ್ತಾಳೆ. ಬಾಗಿಲು ಮುಚ್ಚಿಕೊಂಡು ಅಪರೂಪದ ಬಟ್ಟೆ ನೇಯುತ್ತಾಳೆ. ನೇಯುವಾಗ ನೋಡಬಾರದು ಎನ್ನುವುದೊಂದೇ ಅವಳ ಮಾತು. ಬಟ್ಟೆಗೆ ಒಳ್ಳೆಯ ಬೆಲೆ ಬರುತ್ತದೆ. ಇಬ್ಬರು ಆಸೆಬುರುಕರು ಯೊಹ್ಯೊನಿಗೆ ಹಣದ, ರಾಜಧಾನಿಯ ರುಚಿ ಹತ್ತಿಸುತ್ತಾರೆ. ಇನ್ನಷ್ಟು ನೇಯಿ ಎಂದು ಅವನು ಕಾಡುತ್ತಾನೆ. ಒಂದು ದಿನ ಒಳಗೆ ಇಣುಕುತ್ತಾನೆ. ಅಲ್ಲಿ ಹೆಂಡತಿಯಿಲ್ಲ, ಕೊಕ್ಕರೆಯೊಂದು ತನ್ನ ಗರಿಗಳನ್ನೇ ಕಿತ್ತು ಕಿತ್ತು ನೇಯುತ್ತಿದೆ. ತ್ಸೂ ಎರಡು ಬಟ್ಟೆ ಕೊಟ್ಟು, ಒಂದನ್ನಾದರೂ ಮಾರದೆ ಇಟ್ಟುಕೋ ಎಂದು ಹೇಳಿ, ಸಂಜೆಯ ಆಕಾಶದಲ್ಲಿ ತಡವರಿಸುತ್ತ ಹಾರಿಹೋಗುತ್ತಾಳೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಂಗತಿ. ಗಂಡ ಹಣದ ವಿಷಯ ಮಾತಾಡತೊಡಗಿದರೆ ತ್ಸೂಗೆ ಅವನ ಮಾತೇ ಅರ್ಥವಾಗುವುದಿಲ್ಲ. ತುಟಿ ಆಡುವುದು ಕಾಣುತ್ತದೆ, ಭಾಷೆ ತಿಳಿಯದು. ನಿನ್ನೆಯವರೆಗೆ ಮನೆಮಾತಾಗಿದ್ದದ್ದು ಇಂದು ಪರಭಾಷೆ. ತಿಳವಳ್ಳಿಯ ಪಡಸಾಲೆಯಲ್ಲಿ ನಾನು ‘ಸಮಯದ ಅಭಾವ’ ಎಂದಾಗ ಅಜ್ಜಿ ನನ್ನ ಮುಖ ನೋಡಿದ ರೀತಿ ನನಗೆ ನೆನಪಾಯಿತು.

ಎರಡು ಕಥೆಗಳಲ್ಲೂ ಹೆಣ್ಣು ತನ್ನ ಮೈಯಿಂದಲೇ ಸಂಪತ್ತು ತೆಗೆದುಕೊಡುತ್ತಾಳೆ. ಎರಡರಲ್ಲೂ ಒಂದು ಸಣ್ಣ ಕಟ್ಟಳೆಯಿದೆ: ಇಲ್ಲಿ ಉಗುರು ತಾಗಬಾರದು, ಅಲ್ಲಿ ಕಣ್ಣು ಬೀಳಬಾರದು. ಎರಡರಲ್ಲೂ ಆಸೆ ಕಟ್ಟಳೆಯನ್ನು ಮುರಿಯುತ್ತದೆ. ಆದರೆ ಕೊಕ್ಕರೆ ಹಾರಿಹೋಗುತ್ತದೆ. ಮರಕ್ಕೆ ಹಾರಲು ರೆಕ್ಕೆಯಿಲ್ಲ. ಅದು ಮುರಿದ ಸ್ಥಿತಿಯಲ್ಲೇ ನಮ್ಮ ನಡುವೆ ಉಳಿಯುತ್ತದೆ. ಹಾರಿಹೋದದ್ದಕ್ಕಾಗಿ ಅಳಬಹುದು, ಉಳಿದದ್ದಕ್ಕೆ ಏನಾದರೂ ಮಾಡಲೇಬೇಕು. ನಮ್ಮ ಕಥೆ ಗಂಡನಿಂದ ಕೇಳುವುದು ಆ ಕೆಲಸವನ್ನು. ಕಣ್ಣೀರು ಸಾಲದು, ಕೊಂಬೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅದಕ್ಕೂ ಮೊದಲು ಅವಳು ಹೇಳುವುದನ್ನು ಪೂರ್ತಿ ಕೇಳಬೇಕು.

ನಾನು ಕಲಿತದ್ದನ್ನು ಮಾಡಲು ಮತ್ತೆ ತಿಳವಳ್ಳಿಗೆ ಹೋದೆ. ಈ ಸಲ ಒಂದು ಕ್ಯಾಮರಾ, ಒಂದು ಮೈಕು, ಗಡಿಯಾರವಿಲ್ಲ. ಅಜ್ಜಿ ಒಂದು ಗಂಟೆ ಹತ್ತು ನಿಮಿಷ ಕಥೆ ಹೇಳಿದರು. ಎಲೆಅಡಿಕೆ, ಮೊಮ್ಮಗ, ಹಾಡು ಎಲ್ಲವೂ ಅದರಲ್ಲಿವೆ. ಆಶ್ಚರ್ಯವೆಂದರೆ ಕೊನೆ ಬೇರೆಯಾಗಿತ್ತು. ಮೊದಲ ಸಲ ಅವರು ತಪ್ಪು ಮಾಡಿದ ನಾದಿನಿಯನ್ನು ಸುಣ್ಣದ ಗುಂಡಿಗೆ ತಳ್ಳಿಸಿದ್ದರು. ರಾಮಾನುಜನ್ ಕೊಟ್ಟ ಪಾಠದಲ್ಲೂ ಶಿಕ್ಷೆ ಅದೇ. ಈ ಸಲ ಎರಡನೆಯ ಕೊಡವನ್ನು ಆ ನಾದಿನಿಯ ಕೈಗೇ ಕೊಟ್ಟರು. ಉಗುರು ತಾಗದಂತೆ ಹೊತ್ತು ತಂದು, ನಿಧಾನವಾಗಿ ಸುರಿ ಎಂದು ರಾಜಕುಮಾರ ಹೇಳುತ್ತಾನೆ. ಅವಳು ಹಾಗೇ ಮಾಡುತ್ತಾಳೆ.

ಯಾಕೆ ಬದಲಾಯಿಸಿದಿರಿ ಎಂದು ಕೇಳಿದೆ. “ಆಗ ಸಿಟ್ಟಿತ್ತು ತಮ್ಮಾ, ಸುಣ್ಣದ ಗುಂಡಿ ತೋಡಿದ್ನಿ. ನೀ ತಿರುಗಿ ಬಂದಿ. ಕಲಿಯಾಕ ಬಂದಾವ್ರನ್ನ ಸುಡಬಾರದು,” ಎಂದು ನಕ್ಕರು.

ಆ ಮುದ್ರಣ ಇನ್ನೂ ಪ್ರಸಾರವಾಗಿಲ್ಲ. ಅಷ್ಟು ಉದ್ದದ ಕಥೆಗೆ ವೇಳಾಪಟ್ಟಿಯಲ್ಲಿ ಜಾಗ ಹುಡುಕುವುದು ನನ್ನ ಕೆಲಸ, ಹುಡುಕುತ್ತಿದ್ದೇನೆ. ಒಂದು ಪ್ರತಿಯನ್ನು ಅವರ ಮನೆಗೆ ಕೊಟ್ಟಿದ್ದೇನೆ. ಹತ್ತಿ ಗಾಡಿ ಅದರಲ್ಲಿದೆ.

ನಿಮ್ಮಲ್ಲಿ ನನ್ನದೊಂದು ವಿನಂತಿ. ಈ ಕಥೆ ಹುಟ್ಟಿದ ನೆಲದಲ್ಲೇ ನಾಟಕದ ಹುಚ್ಚಿಗೆ ಕೊರತೆಯಿಲ್ಲ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಸಣ್ಣ ಹಳ್ಳಿ ತನ್ನದೇ ರಂಗತಂಡ ಕಟ್ಟಿ ಹೆಸರಾಗಿದೆ. ದೊಡ್ಡಾಟ, ಸಣ್ಣಾಟ, ಪಾರಿಜಾತದ ಮಟ್ಟುಗಳು ಇನ್ನೂ ಬಾಯಲ್ಲಿವೆ. ವಿಯೆನ್ನಾದಲ್ಲಿ ಸ್ಪ್ಯಾನಿಷ್ ಭಾಷೆಗೆ ಒಗ್ಗಿದ ಹೂವಿನ ಮರ ನಮ್ಮ ಮಟ್ಟುಗಳಿಗೆ ಒಗ್ಗದೆ ಹೋದೀತೆ? ಯಾರಾದರೂ ಕೈಹಾಕಿ. ಕೈಹಾಕುವ ಮುನ್ನ ಮನೆಯಲ್ಲಿ ಕಥೆ ಬಲ್ಲ ಹಿರಿಯರ ಬಳಿ ಕುಳಿತು, ಅವರು ಮುಗಿಸಿದೆ ಎನ್ನುವವರೆಗೆ ಕೇಳಿ. ನಡುವೆ ಏಳಬೇಡಿ. ಹೂ ಬಿಡಿಸುವವರಿಗೆ ಮೊದಲ ಕೊಡದ ನೆನಪು ಇದ್ದೇ ಇರುತ್ತದೆ. ಎರಡನೆಯ ಕೊಡವನ್ನು ಮಾತ್ರ ಮರೆಯಬೇಡಿ.